ಸಿಂಕಿನ ಕೆಳಗಿನ ಅಳಿಯ

ಗುಂಡಿ ಒತ್ತಿದರೆ, ಸಿಂಕಿನ ಕೆಳಗೆ ಎಂಜಲು, ಸಿಪ್ಪೆ ಅರೆಯುವ ಯಂತ್ರ ಗುಂಯ್ ಅಂದಿತೇ ಹೊರತು ತಿರುಗಲಿಲ್ಲ. ಅವಳು ಬೆರಳು ತೆಗೆದು ಮತ್ತೆ ಒತ್ತಿದಳು. ಅದೇ ಗುಂಯ್, ಬಾಯಿ ಕಟ್ಟಿದ ಪ್ರಾಣಿ ಒಳಗೇ ನರಳಿದ ಹಾಗೆ. ಆಮೇಲೆ ಟಕ್ ಎಂದು ಅದೂ ನಿಂತಿತು. ಸಿಂಕಿನಲ್ಲಿ ನಿನ್ನೆ ಸಂಜೆಯ ನೀರು ಹಾಗೇ ಇತ್ತು, ಬೂದುಬಣ್ಣದ್ದು, ಮೇಲೆ ಎಣ್ಣೆಯ ತೆಳು ಪದರ. ಅದರಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯಾಚೆ ಎದುರು ಕಟ್ಟಡದ ಬಾಲ್ಕನಿಯಲ್ಲಿ ತಲೆಕೆಳಗಾಗಿ ಒಣಗುತ್ತಿದ್ದ ಯಾರದೋ ಷರಟು ಕಾಣುತ್ತಿತ್ತು. ಭಾವ ಮಧ್ಯಾಹ್ನ ಬರುವುದರೊಳಗೆ ಈ ನೀರು ಇಳಿಯಬೇಕು. ಎದ್ದಾಗಿನಿಂದ ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ, ಇದಕ್ಕಿಂತ ದೊಡ್ಡ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ. ಗಂಡನ ಅಣ್ಣ ಫೋನಿನಲ್ಲಿ ದನಿ ಏರಿಸಿರಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. 'ವಿಡಿಯೋದಲ್ಲಿ ನೋಡಿದೆ, ಅಮ್ಮನ ಮುಖ ಅಂಗೈಯಷ್ಟಾಗಿದೆ. ನಿನ್ನ ತಪ್ಪು ಅಂತ ಹೇಳ್ತಾ ಇಲ್ಲ. ಬಂದು ಕಣ್ಣಾರೆ ನೋಡ್ತೀನಿ. ಸರಿಯಿಲ್ಲ ಅನ್ಸಿದ್ರೆ ಕರ್ಕೊಂಡು ಬಂದ್ಬಿಡ್ತೀನಿ, ನೀನು ಬೇಜಾರು ಮಾಡ್ಕೋಬಾರ್ದು,' ಎಂದಿದ್ದರು. ಬೇಜಾರು ಎಂಬುದು ಈಗ ಯಾವ ಕಪಾಟಿನಲ್ಲಿದೆಯೋ, ಹುಡುಕಬೇಕು ಎಂದು ಅವಳಿಗೆ ಅನಿಸಿತ್ತು. 'ಬನ್ನಿ ಭಾವ' ಎಂದಷ್ಟೇ ಹೇಳಿದ್ದಳು.

ಅತ್ತೆ ಹೋದರೆ ಏನಾಗುತ್ತದೆ ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸಣ್ಣ ಸಣ್ಣ ಚೂರುಗಳಲ್ಲಿ ಬರುತ್ತಿತ್ತು. ಬಚ್ಚಲಿನಲ್ಲಿ ಒಂದೇ ಟವೆಲ್ಲು ಇರುತ್ತದೆ. ಟೀವಿಯ ಸದ್ದು ಇರುವುದಿಲ್ಲ. ಏನೋ ಕೇಳಲು ಹೋಗಿ ತನ್ನನ್ನು ತೀರಿಹೋದ ಮಗನ ಹೆಸರಿನಿಂದ ಕೂಗಿಬಿಟ್ಟು, ಆಮೇಲೆ ಏನೂ ಆಗದವರ ಹಾಗೆ 'ಏನೇ, ಕಾಫಿ ಆಯ್ತಾ' ಎಂದು ಮುಂದುವರಿಸುವವರು ಇರುವುದಿಲ್ಲ. ಈ ಲೋಕದಲ್ಲಿ ಅವನ ಹೆಸರನ್ನು ಆಕಸ್ಮಿಕವಾಗಿ ಹೇಳುವವರು ಅವರೊಬ್ಬರೇ. ಉಳಿದವರು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ರಜೆ ಕೇಳಲು ಫೋನ್ ಮಾಡಿದಾಗ ನೀರು ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥರೂ ಹಾಗೇ ಗಂಟಲು ಸರಿಮಾಡಿಕೊಂಡರು. 'ಸಿಂಕು ಕಟ್ಕೊಂಡಿದೆ ಸರ್, ಇವತ್ತೊಂದಿನ...' ಎಂದು ಅವಳು ಶುರುಮಾಡುವಷ್ಟರಲ್ಲೇ, 'ತಗೊಳ್ಳಿ, ತಗೊಳ್ಳಿ, ಎಷ್ಟು ದಿನ ಬೇಕಾದ್ರೂ ತಗೊಳ್ಳಿ' ಎಂದುಬಿಟ್ಟರು. ಸಿಂಕಿಗೆ ಕೇಳಿದರೂ ಸಾವಿಗೇ ಕೊಟ್ಟ ಹಾಗೆ ಕೊಟ್ಟರು. ಮೊದಲೆಲ್ಲ ಹಾಗಲ್ಲ. 'ರೀ, ಸ್ಯಾಂಪಲ್ ಬಾಟಲು ನೀವು ಬರೋವರೆಗೂ ಕೆಟ್ಟುಹೋಗದೆ ಕಾಯತ್ತಾ' ಎಂದು ರೇಗುತ್ತಿದ್ದ ಮನುಷ್ಯ. ಈಗ ಅವರು ರೇಗುವುದಿಲ್ಲ. ಅವಳು ಒಳಗೆ ಬಂದರೆ ಊಟದ ಕೋಣೆಯಲ್ಲಿ ನಗು ನಿಲ್ಲುತ್ತದೆ, ಯಾರೋ ತಮ್ಮ ಡಬ್ಬಿಯಿಂದ ಅವಳ ಮುಚ್ಚಳಕ್ಕೆ ಒಂದು ಚಮಚ ಏನನ್ನೋ ಬಡಿಸುತ್ತಾರೆ, ಅದನ್ನು ಅವಳು ಮುಚ್ಚಿ ಮನೆಗೆ ತಂದು ಸಿಂಕಿಗೆ ಹಾಕುತ್ತಾಳೆ.

ರಿಪೇರಿ ಅಂಗಡಿಯವನು ಬೇರೆ ಥರ. 'ಏನು ಸೌಂಡ್ ಬರ್ತಿದೆ ಮೇಡಂ? ಗುರ್ರಾ, ಗುಂಯ್ಯಾ?'

'ಗುಂಯ್.'

'ಹಾಗಾದ್ರೆ ಏನೋ ಸಿಕ್ಕಾಕ್ಕೊಂಡಿದೆ. ಕೆಳಗಡೆ ಒಂದು ತೂತು ಇರತ್ತೆ, ಅದಕ್ಕೆ ಕೀ ಹಾಕಿ ತಿರುಗಿಸ್ಬೇಕು. ಸ್ವಲ್ಪ ಸರ್‌ಗೆ ಫೋನ್ ಕೊಡಿ, ಹೇಳ್ತೀನಿ.'

'ಸರ್ ಇಲ್ಲ.'

'ಬಂದ್ಮೇಲೆ ಒಂದು ಫೋನ್ ಮಾಡಿಸಿ ಮೇಡಂ. ಗಂಡಸರಿಗಾದ್ರೆ ಬೇಗ ಅರ್ಥ ಆಗತ್ತೆ.'

'ಆಯ್ತು' ಎಂದಳು. ಫೋನ್ ಇಟ್ಟ ಮೇಲೂ ಆ 'ಆಯ್ತು' ಬಾಯಲ್ಲಿ ಉಳಿದಿತ್ತು. ಸುಳ್ಳಲ್ಲ, ನಿಜವೂ ಅಲ್ಲ. ಬರಲಿ, ಬಂದ ಮೇಲೆ ಮಾಡಿಸಿದರಾಯಿತು. ತೂತಿಗೆ ಹಾಕುವ ಆರುಮೂಲೆಯ ಬಾಗಿದ ಕೀ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲ ಒಳಮೈಗೆ ಅವನು ಅದನ್ನು ಟೇಪು ಹಾಕಿ ಅಂಟಿಸಿದ್ದ. ಅವನು ಎಲ್ಲವನ್ನೂ ಅದು ಬೇಕಾಗುವ ಜಾಗದಲ್ಲೇ ಅಂಟಿಸಿಡುತ್ತಿದ್ದ ಮನುಷ್ಯ. ಟೇಪು ಒಣಗಿ ಹಳದಿಯಾಗಿತ್ತು, ಎಳೆದರೆ ಬಣ್ಣದ ಸಮೇತ ಬಂತು.

ಯಂತ್ರಕ್ಕೆ ಅಳಿಯ ಎಂದು ಹೆಸರಿಟ್ಟವರು ಅತ್ತೆ. ಇಬ್ಬರು ಗಂಡುಮಕ್ಕಳ ತಾಯಿ, ಹೆಣ್ಣಿಲ್ಲ ಎಂಬ ಕೊರಗನ್ನು ತಮಾಷೆಯಲ್ಲೇ ಕಳೆದವರು. ಅವನು ಇದನ್ನು ತಂದು ಕೂರಿಸಿ ಮೊದಲ ಸಲ ತಿರುಗಿಸಿದ ದಿನ, 'ಹಾಕಿದ್ದೆಲ್ಲ ತಿಂತಾನೆ, ತಿಂದು ಗುರುಗುಟ್ತಾನೆ, ಕೂತ ಜಾಗ ಬಿಟ್ಟು ಏಳಲ್ಲ. ಥೇಟ್ ಅಳಿಯ ಕಣೋ' ಎಂದಿದ್ದರು. ಅಂದಿನಿಂದ ಮನೆಯಲ್ಲಿ ಸಿಪ್ಪೆ ಬಿಸಾಡುವುದು ಎಂಬ ಮಾತೇ ಹೋಯಿತು. ಅಳಿಯನಿಗೆ ಹಾಕು. ಅಳಿಯನಿಗೆ ನಾರಿನ ಸೊಪ್ಪು ಆಗಲ್ಲ, ಮೂಳೆ ಆಗಲ್ಲ, ಬಿಸಿ ಎಣ್ಣೆ ಆಗಲ್ಲ. ಭಾನುವಾರ ಅಳಿಯನಿಗೆ ಐಸುಗಡ್ಡೆ, ನಿಂಬೆ ಸಿಪ್ಪೆ. ಬಾಯಿ ವಾಸನೆ ಹೋಗಲಿ. ಅವನಿಗೆ ಮಾತ್ರ ಯಂತ್ರದ ಬಗ್ಗೆ ಭಯವಿತ್ತು. ಒಳಗೆ ಕತ್ತಿಯಿಲ್ಲ, ಸುತ್ತುವ ತಟ್ಟೆಯ ಮೇಲೆ ಎರಡು ಮೊಂಡು ಕೊಕ್ಕೆಗಳಷ್ಟೇ ಎಂದು ತಾನೇ ವಿವರಿಸಿದ್ದರೂ, ಬೆರಳಿನ ಭಯ. ಗುಂಡಿ ಒತ್ತುವ ಮೊದಲು 'ಕೈ!' ಎಂದು ಕೂಗುತ್ತಿದ್ದ. ಮನೆಯಲ್ಲಿ ಯಾರು ಎಲ್ಲಿದ್ದರೂ ಎರಡು ಕೈಯೂ ಎತ್ತಿ ತೋರಿಸಬೇಕು. ಅತ್ತೆ ಟೀವಿಯ ಮುಂದಿನಿಂದಲೇ ಎತ್ತುತ್ತಿದ್ದರು, ಅವಳು ಒದ್ದೆ ಕೈಯನ್ನೇ ಎತ್ತುತ್ತಿದ್ದಳು, ಕಳ್ಳರು ನುಗ್ಗಿದ ಬ್ಯಾಂಕಿನ ಗುಮಾಸ್ತರ ಹಾಗೆ. ನಾಲ್ಕು ಕೈ ಎಣಿಸಿಯೇ ಅವನು ಒತ್ತುತ್ತಿದ್ದುದು.

ಅವನು ಹೋದ ಮೇಲೆ ಅವಳು ಮೊದಲ ಸಲ ಯಂತ್ರ ಹಾಕಿದ್ದು ಬಂದವರೆಲ್ಲ ಹೊರಟುಹೋದ ದಿನ. ಯೋಚಿಸದೆ ಒತ್ತಿದ್ದಳು. ಸದ್ದು ಕೇಳಿ ತಿರುಗಿದರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ಎತ್ತಿ ನಿಂತಿದ್ದರು. ಎತ್ತಿದ್ದು ಅವರಿಗೇ ಗೊತ್ತಿರಲಿಲ್ಲ. ಇಬ್ಬರೂ ಆ ಕೈಗಳನ್ನೇ ನೋಡಿದರು. ಆಮೇಲೆ ಅವು ಇಳಿದವು, ಒಂದೊಂದಾಗಿ, ಎಲ್ಲಿಡಬೇಕೆಂದು ತಿಳಿಯದ ಸಾಮಾನಿನ ಹಾಗೆ. ಅಂದಿನಿಂದ ಅವಳು ಅತ್ತೆ ಸ್ನಾನಕ್ಕೆ ಹೋದಾಗ ಮಾತ್ರ ಯಂತ್ರ ಹಾಕುತ್ತಿದ್ದಳು.

ಅಲ್ಲಿಂದ ಇನ್ನೊಂದು ಸುಲಭವಾಯಿತು. ತಟ್ಟೆಯಲ್ಲಿ ಬಡಿಸಿಕೊಂಡ ಅನ್ನ ಬಾಯಲ್ಲಿ ಸುತ್ತುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಉಗುಳುವುದಕ್ಕೂ ಮನಸ್ಸಿಲ್ಲ. 'ನೀವು ಮಾಡಿ ಅತ್ತೆ, ನಾನು ಆಮೇಲೆ ಮಾಡ್ತೀನಿ' ಎಂದು, ಆಮೇಲೆ, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿದ ಕೂಡಲೇ, ತಟ್ಟೆಯನ್ನು ಸಿಂಕಿನ ತೂತಿನ ಕರಿ ರಬ್ಬರಿನ ತುಟಿಗಳ ಮೇಲೆ ವಾಲಿಸಿದರೆ ಮುಗಿಯಿತು. ರಬ್ಬರು ತುಟಿಗಳು ಬಗ್ಗಿ ಅನ್ನವನ್ನು ಒಳಗೆ ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಎಷ್ಟು ನೀಟು. ಮನೆಯಲ್ಲಿ ಊಟ ಮಾಡುವವರು ಇದ್ದಾರೆ ಎನಿಸುತ್ತಿತ್ತು. ಕಾಫಿ, ಬಿಸ್ಕತ್ತು, ಬಸ್ ನಿಲ್ದಾಣದ ಹತ್ತಿರ ಒಂದು ಬಾಳೆಹಣ್ಣು. ಇಷ್ಟರಲ್ಲಿ ಮನುಷ್ಯರು ನಡೆಯುತ್ತಾರೆ, ನೀರಿನ ಬಾಟಲುಗಳ ಮೇಲೆ ಚೀಟಿ ಅಂಟಿಸುತ್ತಾರೆ. ಮುದುಕಿಗೆ ವಿಷ ಹಾಕುವುದಿಲ್ಲವಲ್ಲ, ನನ್ನ ಪಾಲನ್ನು ತಾನೇ ಚೆಲ್ಲುವುದು ಎಂದು ಒಮ್ಮೆ ಅಂದುಕೊಂಡು, ಯಾಕೆ ಹಾಗೆ ಅಂದುಕೊಂಡೆ ಎಂದು ಇಡೀ ಸಂಜೆ ಅತ್ತೆಯ ಮುಖ ನೋಡಲಾರದೆ ಇದ್ದಳು.

ಅವಳು ಪ್ಲಗ್ಗು ಕಿತ್ತಳು. ಕಪಾಟಿನಲ್ಲಿದ್ದ ಸೋಪಿನ ಡಬ್ಬಿಗಳನ್ನು ಹೊರಗಿಟ್ಟಳು, ಹಳೆಯ ಚಾದರ ಹಾಸಿ ಬೆನ್ನ ಮೇಲೆ ಮಲಗಿ ತಲೆಯನ್ನು ಒಳಗೆ ತೂರಿಸಿದಳು. ಒಳಗೆ ತಂಪಾಗಿತ್ತು, ಹಳೇ ನೀರಿನ, ತುಕ್ಕಿನ ವಾಸನೆ. ಅವಳು ಯಾವಾಗಲೂ ನೋಡಿದ್ದು ಅವನ ಕಾಲುಗಳನ್ನು. ಮುಖ ಈ ಕತ್ತಲಲ್ಲಿರುತ್ತಿತ್ತು, ಮಾತು ಪೈಪಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಟಾರ್ಚು ಕೊಡು. ಬೇರೆದು. ಅದಲ್ಲ ಮಾರಾಯ್ತಿ. ಅವನು ಇಲ್ಲಿ ನೋಡುತ್ತಿದ್ದದ್ದು ಇದನ್ನೇ, ಈ ಡೊಳ್ಳು ಹೊಟ್ಟೆಯ ಡಬ್ಬವನ್ನು, ಅದರ ತಳದಲ್ಲಿರುವ, ಯಂತ್ರ ತಾನಾಗಿ ನಿಂತರೆ ಒತ್ತುವ ಕೆಂಪು ಗುಂಡಿಯನ್ನು. ತೂತಿಗೆ ಕೀ ಹಾಕಿ ತಿರುಗಿಸಿದಳು. ಕಾಲುಭಾಗ ಸುತ್ತಿ ಗಟ್ಟಿಯಾಗಿ ಏನಕ್ಕೋ ತಾಗಿ ನಿಂತಿತು. ಹಿಂದಕ್ಕೆ ತಿರುಗಿಸಿದಳು. ಅಲ್ಲೂ ನಿಂತಿತು.

'ಏನೇ ಅದು, ಅವನ ಹಾಗೇ ಮಲಗಿದೀಯ.'

ಅತ್ತೆಯ ಪಾದಗಳು ಚಾದರದ ಅಂಚಿಗೆ ಬಂದು ನಿಂತವು. ಹಿಮ್ಮಡಿಗಳು ಸಣ್ಣಗಾಗಿದ್ದವು, ಚಪ್ಪಲಿ ಪಾದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಇದನ್ನು ನಾನು ಯಾಕೆ ಮೊದಲು ನೋಡಲಿಲ್ಲ ಎಂದು ಅವಳು ಮಲಗಿದಲ್ಲೇ ಯೋಚಿಸಿದಳು. ಬೆಳಿಗ್ಗೆ ಅವಳು ಹೊರಡುವಾಗ ಓಟ್ಸ್ ಗಂಜಿ ಮಾಡಿಟ್ಟು ಹೋಗುತ್ತಾಳೆ, ಸಂಜೆ ಬಂದರೆ ಪಾತ್ರೆ ತೊಳೆದು ಬೋರಲು ಹಾಕಿರುತ್ತದೆ. ರಾತ್ರಿಯ ಊಟವನ್ನು ಟೀವಿಯ ಮುಂದೆ ತಟ್ಟೆ ಹಿಡಿದು ಮಾಡುತ್ತಾರೆ, ತಟ್ಟೆಯನ್ನು ತಾವೇ ತೊಳೆಯುತ್ತಾರೆ, ಯಾರಿಗೂ ಕೊಡುವುದಿಲ್ಲ. ತೊಳೆದ ಪಾತ್ರೆಗಳಿಗಿಂತ ಹೆಚ್ಚಿನ ಸಾಕ್ಷಿಯನ್ನು ಯಾರು ಕೇಳುತ್ತಾರೆ?

'ಬಿಡೆ ಅದನ್ನ. ನಿನ್ನ ಭಾವ ಬರ್ತಾನಲ್ಲ, ಅವನ ಕೈಲಿ ಬಿಚ್ಚಿಸಿ ಎಸೆಸ್ಬಿಡೋಣ,' ಎಂದರು ಅತ್ತೆ. ಮಾತು ತೊದಲುತ್ತಿತ್ತು. ನಿನ್ನೆ ಸಂಜೆಯಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ವಸಡು ಹುಣ್ಣಾಗಿದೆ, ಹಲ್ಲಿನ ಸೆಟ್ಟನ್ನು ಡಬ್ಬಿಯಲ್ಲಿ ಇಟ್ಟಿದ್ದೀನಿ ಎಂದಿದ್ದರು.

'ಆಗ್ಹೋಯ್ತು ಅತ್ತೆ, ಇನ್ನು ಸ್ವಲ್ಪ.'

'ಏನೂ ಬೇಡ. ಹಳೇದಾಯ್ತು. ಅಳಿಯ ಸತ್ತರೆ ಸಾಯ್ಲಿ, ಎಷ್ಟು ದಿನ ಅಂತ...'

ಮಾತು ಅಲ್ಲೇ ಕಡಿಯಿತು. ಅವಳು ಕತ್ತಲಲ್ಲಿ ಕಣ್ಣು ಮುಚ್ಚಿದಳು. ಪಾದಗಳು ಒಂದು ಕ್ಷಣ ಅಲ್ಲೇ ಇದ್ದವು, ಬೆರಳುಗಳು ಚಪ್ಪಲಿಯಲ್ಲಿ ಮಡಚಿಕೊಂಡವು, ಆಮೇಲೆ ಸರಸರ ಸದ್ದು ಮಾಡುತ್ತ ಕೋಣೆಯ ಕಡೆ ಹೋದವು. ಅವನು ಮುಟ್ಟಿದ್ದ ಯಂತ್ರ, ಅದಕ್ಕೇ ಹೀಗೆ ಒದ್ದಾಡುತ್ತಿದ್ದಾರೆ ಎಂದುಕೊಂಡಳು. ಬೆಳಗಿನಿಂದ ಹತ್ತು ಸಲ ಬಂದು ಇಣುಕಿದ್ದರು.

ಯಂತ್ರದ ಪಕ್ಕದಿಂದ ಹೊರಟ ಪೈಪು ಮೊಣಕೈಯಂತೆ ಬಗ್ಗಿ ಗೋಡೆಯೊಳಗೆ ಹೋಗುತ್ತಿತ್ತು. ಕೆಳಗೆ ಬಕೆಟ್ಟಿಟ್ಟು ಮೊಣಕೈಯ ಎರಡೂ ತುದಿಯ ತಿರುಪು ಬಳೆಗಳನ್ನು ಬಟ್ಟೆ ಸುತ್ತಿ ತಿರುಗಿಸಿದಳು. ನೀರು ಬುಳುಬುಳು ಇಳಿಯಿತು, ಕೈಯ ಮೇಲೆ, ತೋಳಿನೊಳಗೆ. ಆಮೇಲೆ ನೀರು ನಿಂತು, ಪೈಪಿನ ಬಾಯಲ್ಲಿ ಬೆಳ್ಳನೆಯದೊಂದು ಕಾಣಿಸಿಕೊಂಡು, ತನ್ನ ಭಾರಕ್ಕೆ ತಾನೇ ಜಾರಿ ಬಕೆಟ್ಟಿಗೆ ಬಿತ್ತು. ಪೈಪಿನ ಆಕಾರದಲ್ಲೇ ಇತ್ತು. ಅವಳು ಕೂತು ಅದನ್ನು ಕಡ್ಡಿಯಿಂದ ಕೆದಕಿದಳು. ಅನ್ನದ ಹಿಟ್ಟು ಎಂದುಕೊಂಡಳು, ತನ್ನದು, ತನ್ನ ತಟ್ಟೆಗಳು. ಆದರೆ ಅನ್ನ ಹೀಗೆ ನೂಲಾಗಿ ಎಳೆಯುವುದಿಲ್ಲ. ಒಡೆದ ಜಾಗದಲ್ಲಿ ಕಂದು ಹೊಟ್ಟಿನ ಚುಕ್ಕೆಗಳಿದ್ದವು, ಅಂಟಿನ ಹಾಗೆ ಗಟ್ಟಿಯಾಗಿ, ಪದರ ಪದರವಾಗಿ ಕೂತ ಓಟ್ಸ್. ಅವಳು ಓಟ್ಸ್ ತಿನ್ನುವುದಿಲ್ಲ. ಒಂದು ಪದರ ಅನ್ನ, ಅದರ ಮೇಲೆ ಒಂದು ಪದರ ಗಂಜಿ, ಮತ್ತೆ ಅನ್ನ. ಲ್ಯಾಬಿನಲ್ಲಿ ಕೆರೆಯ ತಳದ ಮಣ್ಣನ್ನು ಕೊಳವೆಯಲ್ಲಿ ತಂದಾಗ ಹೀಗೇ ಕಾಣುತ್ತದೆ. ಯಾವ ಕಾಲದಲ್ಲಿ ಏನು ಬಂದು ಕೂತಿತು ಎಂದು ಹೇಳಬಹುದು. ಅವಳು ಕೆಲಸಕ್ಕೆ ಹೋದ ಮೇಲೆ ಅತ್ತೆ ಗಂಜಿಯನ್ನು ತಂದು, ಯಂತ್ರ ಹಾಕಲು ಹೆದರಿ, ಸೌಟಿನಿಂದ ರಬ್ಬರಿನ ಒಳಕ್ಕೆ ನೂಕಿ, ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದರು. ಸಂಜೆ ಅವಳು ಬಂದು ಅದರ ಮೇಲೆ ತನ್ನ ಅನ್ನ ಸುರಿದು ಗುಂಡಿ ಒತ್ತುತ್ತಿದ್ದಳು. ಇಬ್ಬರ ಊಟವನ್ನೂ ಅಳಿಯ ಕಲಸಿಕೊಂಡು ಉಂಡಿದ್ದ.

ಎದ್ದು, ಇಕ್ಕಳ ತಂದು, ಟಾರ್ಚನ್ನು ರಬ್ಬರಿನೊಳಗೆ ಬಿಟ್ಟಳು. ಕೊಕ್ಕೆಗೂ ಡಬ್ಬದ ಒಳಗೋಡೆಗೂ ನಡುವೆ ಏನೋ ನಸುಗೆಂಪು ಹೊಳೆಯಿತು. ಎಳೆದಳು, ಬರಲಿಲ್ಲ. ಒಂದು ಕೈಯಲ್ಲಿ ಕೆಳಗಿನಿಂದ ಕೀ ಹಿಂದಕ್ಕೆ ತಿರುಗಿಸುತ್ತ, ಇನ್ನೊಂದರಲ್ಲಿ ಇಕ್ಕಳ ಹಿಡಿದು, ಕೆನ್ನೆಯನ್ನು ಸಿಂಕಿನ ಅಂಚಿಗೆ ಒತ್ತಿ, ಕೊನೆಗೆ ಎಳೆದು ತೆಗೆದಾಗ ಅದು ಇಕ್ಕಳದ ತುದಿಯಲ್ಲಿ ನಗುತ್ತಿತ್ತು. ಅತ್ತೆಯ ಸೆಟ್ಟಿನ ಕೆಳಸಾಲಿನ ಹಲ್ಲುಗಳು. ಎರಡು ಉದುರಿದ್ದವು, ವಸಡಿನ ಪಕ್ಕ ಚೂರೆದ್ದಿತ್ತು. ತಟ್ಟೆಯಂಚಿನಲ್ಲಿ ತೆಗೆದಿಟ್ಟು, ಮರೆತು, ಊಟದ ಜೊತೆ ವಾಲಿಸಿಬಿಟ್ಟಿರಬೇಕು. ಕೇಳುವುದಾದರೂ ಹೇಗೆ? ಹಲ್ಲು ಅಲ್ಲಿಗೆ ಹೇಗೆ ಹೋಯಿತು ಎಂದು ಹೇಳಬೇಕಲ್ಲ. ಅದಕ್ಕೇ ಕೈ ಅಡ್ಡ, ಅದಕ್ಕೇ ವಸಡಿನ ಹುಣ್ಣು, ಅದಕ್ಕೇ ಬಾಗಿಲಲ್ಲಿ ಹತ್ತು ಸಲ ಇಣುಕಿದ್ದು. ಅವಳಿಗೆ ನಗು ಬರಬೇಕಿತ್ತು. ಗಂಟಲಿನವರೆಗೆ ಬಂದು ಅಲ್ಲೇ ಕೂತಿತು, ಅನ್ನ ಕೂರುವ ಹಾಗೆ. ಹಲ್ಲನ್ನು ಸೋಪು ಹಾಕಿ ತೊಳೆದು ಒರೆಸಿ ಜೇಬಿನಲ್ಲಿ ಇಟ್ಟುಕೊಂಡಳು. ಪೈಪು ಜೋಡಿಸಿದಳು. ಕೆಂಪು ಗುಂಡಿ ಒತ್ತಿ, ಪ್ಲಗ್ಗು ಹಾಕಿ, ನೀರು ಬಿಟ್ಟು ಒತ್ತಿದರೆ ಯಂತ್ರ ತಿರುಗಿತು. ಸಲೀಸಾಗಿ, ಎಂದೂ ಏನೂ ಆಗದವರ ಹಾಗೆ. ಬಕೆಟ್ಟಿನಲ್ಲಿದ್ದದ್ದನ್ನು ಚೀಲಕ್ಕೆ ಕಟ್ಟಿ ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದಳು. ಇನ್ನು ಯಾರಿಗೂ ಏನೂ ಕಾಣುವುದಿಲ್ಲ. ಒಂದು ಸುಳ್ಳು ಹೇಳಿದರೆ ಸಾಕು, ಅತ್ತೆ ಇಲ್ಲೇ ಉಳಿಯುತ್ತಾರೆ.

ಭಾವ ಹೇಳಿದ್ದಕ್ಕಿಂತ ಮೊದಲೇ ಬಂದರು, ಕೈಯಲ್ಲಿ ಸೇಬಿನ ಚೀಲ. ಅವನದ್ದೇ ಹುಬ್ಬು, ಅವನದ್ದೇ ಕಿವಿ, ಆದರೆ ಬೇರೆ ಯಾರದೋ ಮುಖದಲ್ಲಿ ಕೂತ ಹಾಗೆ. ಅವಳು ಅವರ ಕುತ್ತಿಗೆಯ ಕೆಳಗೇ ನೋಡಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

'ಊಟಕ್ಕೆ ಏಳಿ ಭಾವ.'

'ಮಾಡ್ಕೊಂಡೇ ಬಂದೆ. ನಿನ್ನ ತೋಳೆಲ್ಲ ಒದ್ದೆ ಆಗಿದೆಯಲ್ಲ?'

'ಸಿಂಕು ಕಟ್ಕೊಂಡಿತ್ತು.'

'ಫೋನ್ ಮಾಡಿದ್ರೆ ಯಾರನ್ನಾದ್ರೂ ಕಳಿಸ್ತಿದ್ದೆ. ಎಲ್ಲ ನೀನೇ ಯಾಕೆ ಮೈಮೇಲೆ ಎಳ್ಕೊಳ್ತೀಯ,' ಎಂದರು, ಬಯ್ಗುಳವೋ ಮರುಕವೋ ತಿಳಿಯದ ದನಿಯಲ್ಲಿ. ಅಡುಗೆಮನೆಗೆ ಹೋಗಿ ಕೈ ತೊಳೆದರು, ಸಿಂಕು ನೋಡಿದರು, ಫ್ರಿಜ್ಜು ತೆರೆದು ನೋಡಿದರು, ತೆರೆದದ್ದಕ್ಕೆ ನೆಪವಾಗಿ ತಣ್ಣೀರು ಕುಡಿದರು. ಎಲ್ಲ ಸರಿಯಾಗಿತ್ತು. ಅವಳು ಬಾಗಿಲಲ್ಲಿ ನಿಂತು ತನ್ನ ಮನೆಯನ್ನು ಯಾರೋ ಪರೀಕ್ಷೆಗೆ ತಂದ ನೀರಿನ ಹಾಗೆ ನೋಡಿದಳು. ಬಣ್ಣವಿಲ್ಲ, ವಾಸನೆಯಿಲ್ಲ.

ಅತ್ತೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಭಾವ ಎದುರು ಕೂತು ಸೇಬು ಹೆಚ್ಚತೊಡಗಿದರು. ಒಂದು ಹೋಳನ್ನು ತಾಯಿಯ ಕೈಗಿಟ್ಟರು. 'ತಿನ್ನಮ್ಮ.'

'ಆಮೇಲೆ ತಿಂತೀನೋ.'

'ಒಂದು ಹೋಳು ತಿನ್ನೋಕೆ ಮುಹೂರ್ತ ನೋಡ್ಬೇಕಾ?'

'ಈಗಷ್ಟೇ ಹೊಟ್ಟೆ ಬಿರಿಯೋ ಹಾಗೆ ಉಂಡಿದ್ದೀನಪ್ಪ. ನಿನ್ನ ಹೆಂಡ್ತಿ ಹಾಗೆ ಅಳತೆ ಮಾಡಿ ಬಡಿಸೋ ಮನೆ ಅಲ್ಲ ಇದು. ಎರಡೆರಡು ಸಲ ಹಾಕ್ತಾಳೆ. ಕೇಳು ಬೇಕಾದ್ರೆ.' ಕೈ ಬಾಯಿಗೆ ಅಡ್ಡವಿತ್ತು, ಇನ್ನೊಂದು ಕೈಯಲ್ಲಿ ಸೇಬಿನ ಹೋಳಿತ್ತು. ಕಣ್ಣು ಅವಳ ಮೇಲಿತ್ತು. ಬೇಡುವ ಕಣ್ಣಲ್ಲ, ಜೊತೆಗಾರಳನ್ನು ನೋಡುವ ಕಣ್ಣು. ಒಂದೇ ಗೋಡೆ ಹಾರಿದವರು ನೋಡಿಕೊಳ್ಳುವ ಹಾಗೆ.

'ಹೌದಾ?' ಎಂದರು ಭಾವ ಅವಳ ಕಡೆ ತಿರುಗಿ. 'ಅಮ್ಮ ಊಟ ಸರಿಯಾಗಿ ಮಾಡ್ತಾಳಾ?'

ಹೌದು ಎಂಬ ಮಾತು ತುಟಿಯ ಮೇಲೇ ಇತ್ತು. ಹೇಳಿದ್ದರೆ ಭಾವ ಕಾಫಿ ಕುಡಿದು ಹೊರಡುತ್ತಿದ್ದರು. ಸಂಜೆ ಇಬ್ಬರೂ ಟೀವಿಯ ಮುಂದೆ ಕೂರುತ್ತಿದ್ದರು. ನಾಳೆ ಗಂಜಿ, ನಾಳೆ ಅನ್ನ. ಇವರಿಗೆ ನಾನು ಮರೆ, ನನಗೆ ಇವರು ಮರೆ. ಆ ಮರೆಯಲ್ಲಿ ಚಪ್ಪಲಿ ಪಾದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಅವಳಿಗೆ ಅಂಥ ಧೈರ್ಯವೇನೂ ಬರಲಿಲ್ಲ, ಬಂದದ್ದು ಸುಸ್ತು. ಇನ್ನೊಂದು ದಿನ ತಟ್ಟೆ ತೊಳೆದು ತೋರಿಸಲಾರದ ಸುಸ್ತು. ಜೇಬಿನಿಂದ ಹಲ್ಲು ತೆಗೆದು ಸೇಬಿನ ತಟ್ಟೆಯಲ್ಲಿಟ್ಟಳು.

ಭಾವ ಚಾಕು ಕೆಳಗಿಟ್ಟರು. 'ಇದೆಲ್ಲಿತ್ತು?'

'ಅಳಿಯನ ಬಾಯಲ್ಲಿ.'

ಮೂಗಿನಿಂದ ಬುಸ್ ಎಂದು ನಗು ನುಗ್ಗಿತು ಭಾವನಿಗೆ. ತಡೆಯಲು ಹೋಗಿ ಕೆಮ್ಮಿದರು. ಯಾರೂ ನಗದಿದ್ದುದನ್ನು ನೋಡಿ ಮುಖ ಒರೆಸಿಕೊಂಡರು.

'ಅತ್ತೆ ಊಟ ಮಾಡ್ತಾ ಇಲ್ಲ ಭಾವ. ಸಿಂಕಿಗೆ ಹಾಕ್ತಿದ್ದಾರೆ. ಬಹಳ ದಿನದಿಂದ. ನಾನು ಇವತ್ತೇ ನೋಡಿದ್ದು.'

ಅತ್ತೆ ಬಾಯಿಯ ಮೇಲಿನ ಕೈ ತೆಗೆದರು. ಬಾಯಿ ಒಳಕ್ಕೆ ಕುಸಿದು ಮುಖ ಇನ್ನೂ ಚಿಕ್ಕದಾಗಿತ್ತು, ಆದರೆ ದನಿ ದೊಡ್ಡದಾಗಿ ಬಂತು. 'ಚಾಡಿಕೋರಿ! ಒಂದೇ ಮನೇಲಿ ಇದ್ದು ಚಾಡಿ ಹೇಳ್ತೀಯೇನೇ? ಹೇಳ್ಲಾ ನಿನ್ನದ್ದು? ಕೇಳೋ, ಇವಳು ಏನು ತಿಂತಾಳೆ ಅಂತ ಕೇಳು. ನಾನು ಬಚ್ಚಲಿಗೆ ಹೋಗೋದೇ ತಡ, ಯಂತ್ರ ಗುರ್ ಅನ್ನತ್ತೆ. ಕಣ್ಣು ಮಂಜಾಗಿದೆ, ಕಿವಿ ಸತ್ತಿಲ್ಲ ನನಗೆ. ಚೊಂಬಿನಲ್ಲಿ ನೀರು ಸುರಿದು ಸುರಿದು ಕೂತಿರ್ತೀನಿ, ಇವಳು ಮುಗಿಸ್ಲಿ ಪಾಪ ಅಂತ. ಎಳೇ ಹುಡುಗಿ ಉಪವಾಸ ಇರೋವಾಗ ನಾನು ಮುದುಕಿ ಹೇಗೋ ನುಂಗ್ಲಿ?'

ಅವಳು ಗೋಡೆಗೆ ಒರಗಿದಳು. ಮೈ ಒಣಗಿದ ಮೇಲೂ ಬಾಗಿಲ ಆಚೆ ಕೂತು ಸುಮ್ಮನೆ ನೀರು ಸುರಿಯುವ ಮುದುಕಿ ಕಣ್ಣಿಗೆ ಕಂಡರು. ಆ ಸದ್ದು ಎಷ್ಟು ಉದ್ದ ಇರುತ್ತಿತ್ತು, ಎಷ್ಟು ಅನುಕೂಲವಾಗಿ ಇರುತ್ತಿತ್ತು! ತನಗೆ ಗೊತ್ತಿರಲಿಲ್ಲವೇ? ತೊಳೆದ ಪಾತ್ರೆಗಳು ಒಂದು ದಿನವೂ ತಪ್ಪದೆ ಅಷ್ಟು ಚೊಕ್ಕವಾಗಿ ಇರುತ್ತಿದ್ದುದನ್ನು ನೋಡಿ ಒಮ್ಮೆಯೂ ಏನೂ ಅನಿಸಿರಲಿಲ್ಲವೇ? ಅನಿಸಿತ್ತೋ ಏನೋ. ಅನಿಸಿದ್ದನ್ನು ರಬ್ಬರಿನ ತುಟಿಗಳೊಳಗೆ ಬಿಟ್ಟಿದ್ದಳೋ ಏನೋ.

'ಇಬ್ಬರೂ ಸೇರಿ ಏನು ಮಾಡ್ಕೊಳ್ತಾ ಇದ್ರಿ ಇಲ್ಲಿ?' ಎಂದರು ಭಾವ. ಕೇಳಿದ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. ಮೊದಲ ಸಲ ಅವಳು ಅವರ ಮುಖ ನೋಡಿದಳು. ತಮ್ಮನನ್ನು ಕಳೆದುಕೊಂಡ ಮನುಷ್ಯನ ಮುಖ. ಇಷ್ಟು ದಿನ ಅದು ಅವಳಿಗೆ ತೋಚಿರಲಿಲ್ಲ.

'ಕರ್ಕೊಂಡು ಹೋಗಿ ಭಾವ,' ಎಂದಳು. 'ನನ್ನ ಜೊತೆ ಇದ್ರೆ ಇವರು ತಿನ್ನಲ್ಲ. ಅಕ್ಕ ಅಳತೆ ಮಾಡಿ ಬಡಿಸ್ಲಿ, ಎದುರಿಗೆ ಕೂತು ನೋಡ್ಲಿ.'

'ನೀನೇ ಹೇಳ್ತಿದೀಯಾ? ನಿನ್ನ ಬಾಯಲ್ಲೇ?' ಎಂದರು ಅತ್ತೆ. ಆಮೇಲೆ ಅವಳ ಜೊತೆ ಮಾತಾಡಲಿಲ್ಲ.

ಬಟ್ಟೆ ಜೋಡಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ಸೀರೆಗಳನ್ನು ಮಡಚಿ ಕೊಟ್ಟಳು, ಅತ್ತೆ ಅವನ್ನು ಬಿಡಿಸಿ ಮತ್ತೆ ತಾವೇ ಮಡಚಿ ಪೆಟ್ಟಿಗೆಗೆ ಹಾಕಿದರು. ಮಾತ್ರೆಗಳು, ಕನ್ನಡಕ, ಮುರಿದ ಹಲ್ಲು ಒಂದು ಕರವಸ್ತ್ರದಲ್ಲಿ. ಅವನ ಚಿತ್ರವನ್ನು ಗೋಡೆಯಿಂದ ತೆಗೆಯಲು ಕೈ ಚಾಚಿ, ಮೊಳೆಯ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅದು ಯಾರ ಪಾಲು ಎಂದು ಇಬ್ಬರೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಮಗನ ತೋಳು ಹಿಡಿದಿದ್ದರು, ಹಿಂತಿರುಗಿ ನೋಡಲಿಲ್ಲ. ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಆದರೆ ಕಾರು ಹೊರಡಲಿಲ್ಲ. ಭಾವ ಏದುಸಿರು ಬಿಡುತ್ತ ಮತ್ತೆ ಮೇಲೆ ಬಂದರು. 'ದಿಂಬು ಬೇಕಂತೆ. ಬೇರೆ ದಿಂಬಲ್ಲಿ ನಿದ್ದೆ ಬರಲ್ವಂತೆ.' ಅವಳು ದಿಂಬು ತಂದು ಕೊಟ್ಟಳು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಅಲ್ಲೇ ನಿಂತರು. 'ನಿನ್ನನ್ನೂ ಬಾ ಅಂತ ಹೇಳಿದ್ಲು ಅಮ್ಮ.' ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿ, 'ಅಲ್ಲ, ಹಾಗೆ ಹೇಳ್ಲಿಲ್ಲ. ಆ ಚಾಡಿಕೋರಿಗೆ ಇನ್ನು ಯಾರು ಅನ್ನ ಹಾಕ್ತಾರೆ ಕೇಳ್ಕೊಂಡು ಬಾ ಅಂದ್ಲು. ಏನಂತ ಹೇಳ್ಲಿ?'

'ನಾನೇ ಹಾಕ್ಕೊಳ್ತೀನಿ ಅಂತ ಹೇಳಿ.'

'ಸುಳ್ಳು ಅಂತಾಳೆ.'

'ಅನ್ಲಿ.'

ಅವರು ಹೋದರು. ಈ ಸಲ ಕಾರು ಹೊರಟಿತು. ಮನೆಯಲ್ಲಿ ಯಾರೂ ಇರಲಿಲ್ಲ. ಇದು ಅವಳಿಗೆ ನಿಧಾನವಾಗಿ ತಿಳಿಯಿತು, ಕಾಲು ಜೋಮು ಹಿಡಿದದ್ದು ಎದ್ದ ಮೇಲೆ ತಿಳಿಯುವ ಹಾಗೆ. ಅಡುಗೆಮನೆಗೆ ಹೋದಳು. ಭಾವನಿಗೆಂದು ಬೆಳಿಗ್ಗೆ ಮಾಡಿದ ಅನ್ನ ಆರಿತ್ತು, ಬೇಯಿಸಿದ ತರಕಾರಿಯ ಮೇಲ್ಮೈ ಒಣಗಿತ್ತು. ತಟ್ಟೆಗೆ ಹಾಕಿಕೊಂಡು ನಿಂತಳು. ಬಚ್ಚಲ ಸದ್ದಿಗೆ ಕಾಯಬೇಕಿರಲಿಲ್ಲ. ಸಿಂಕು ಖಾಲಿಯಿತ್ತು, ಒಣಗಿತ್ತು, ವಾಲಿಸಿದರೆ ಕೇಳುವವರು ಯಾರೂ ಇರಲಿಲ್ಲ, ಮತ್ತು ಕೇಳುವವರು ಇಲ್ಲದಿದ್ದುದರಿಂದಲೇ ವಾಲಿಸುವುದರಲ್ಲಿ ಏನೂ ಅರ್ಥ ಉಳಿದಿರಲಿಲ್ಲ. ಕುರ್ಚಿ ಎಳೆದು ಕೂತಳು. ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ಅಗಿದಳು. ಎಂದಿನಂತೆ ಸುತ್ತತೊಡಗಿತು. ನೀರು ಕುಡಿದು ಬಲವಂತವಾಗಿ ನುಂಗಿದಳು, ಇಳಿಯಿತು. ಎರಡನೆಯ ತುತ್ತು ಇಟ್ಟಾಗ ನಾಲಿಗೆಗೆ ಏನೋ ತಿಳಿಯಿತು. ನಿಲ್ಲಿಸಿ, ಬರೀ ತರಕಾರಿಯನ್ನು ಬೆರಳಿನಲ್ಲಿ ತೆಗೆದು ನೋಡಿದಳು.

ಉಪ್ಪೇ ಇರಲಿಲ್ಲ.

ಮರೆತಿರಬೇಕು, ಬೆಳಗಿನ ಗಡಿಬಿಡಿ. ಫ್ರಿಜ್ಜಿನಿಂದ ನಿನ್ನೆಯದನ್ನು ತೆಗೆದು ನೆಕ್ಕಿ ನೋಡಿದಳು. ಅದರಲ್ಲೂ ಇರಲಿಲ್ಲ. ಅದರ ಹಿಂದೆ ಮೊನ್ನೆಯದಿತ್ತು. ಯಾವತ್ತಿನಿಂದ? ನಿನ್ನೆಯೂ ಅತ್ತೆ ತಟ್ಟೆ ತೊಳೆಯುತ್ತ 'ಹದವಾಗಿತ್ತು ಕಣೇ' ಎಂದಿದ್ದರು. ಅವಳೂ 'ಹೌದಾ ಅತ್ತೆ, ಇನ್ನೂ ಸ್ವಲ್ಪ ಹಾಕ್ಕೋಬೇಕಿತ್ತು' ಎಂದಿದ್ದಳು.

ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಮುಚ್ಚಳ ಬಿಗಿದುಹೋಗಿತ್ತು, ಒಳಗೆ ಉಪ್ಪು ಒಂದೇ ಗಡ್ಡೆಯಾಗಿ ಕೂತಿತ್ತು. ಚಮಚದ ಹಿಡಿಯಿಂದ ಕುಟ್ಟಿ ಒಂದು ಚೂರು ಒಡೆದಳು. ತಟ್ಟೆಯ ಅಂಚಿನಲ್ಲಿ ಅದನ್ನು ಬೆರಳಿನಿಂದ ಪುಡಿಮಾಡಿ ಕಲಸಿ, ಮತ್ತೆ ಕೂತಳು.